ಮೇಲಿನ ಕೋಣೆ

"ಕೀ ಕೊಡು ಅಂದ್ರೆ ಕೊಡಲ್ಲ ಅಂತೀಯಾ? ನನ್ನ ತಮ್ಮನ ಕಟ್ಟಡದಲ್ಲಿ ನಾನು ಕಾಲಿಡೋಕೆ ನಿನ್ನ ಅಪ್ಪಣೆ ಬೇಕಾ?"

ಸೋಫಾ ಕಾರ್ಖಾನೆಯ ಮೆಟ್ಟಿಲ ಬುಡದಲ್ಲಿ, ಎರಡು ಸೂಟ್‌ಕೇಸುಗಳ ನಡುವೆ ನಿಂತು ಅತ್ತಿಗೆ ಅಬ್ಬರಿಸಿದಾಗ ಹೊಲಿಗೆ ಯಂತ್ರಗಳೆಲ್ಲ ಒಮ್ಮೆಗೇ ಸುಮ್ಮನಾದವು. ರೆಕ್ಸಿನ್ ಕತ್ತರಿಸುತ್ತಿದ್ದವರು ಕತ್ತರಿ ಹಿಡಿದೇ ತಲೆಯೆತ್ತಿದರು. ಮೆಟ್ಟಿಲಿಗೆ ಅಡ್ಡವಾಗಿ ನಿಂತಿದ್ದ ತಮ್ಮನ ಹೆಂಡತಿಯ ಮುಖ ಕೆಂಪೇರಿತು. ಇಪ್ಪತ್ತಾರು ವರ್ಷ ಇದೇ ಕಾರ್ಖಾನೆಯಲ್ಲಿ ಕುಶನ್ ಹೊಲಿದವಳು, ಗಂಡನಿಗೆ ಸಮಸಮವಾಗಿ ದುಡಿದವಳು. ಕೆಲಸಗಾರರೆದುರು ಇಂಥ ಮಾತು ಕೇಳಿದ್ದು ಇದೇ ಮೊದಲು. ಆದರೂ ನಿಂತ ಜಾಗದಿಂದ ಕದಲಲಿಲ್ಲ.

"ಮನೆಗೆ ಬನ್ನಿ ಅತ್ತಿಗೆ. ಎಷ್ಟು ದಿನ ಬೇಕಾದ್ರೂ ಇರಿ. ಇಲ್ಲಿ ಮಾತ್ರ ಆಗಲ್ಲ."

"ಆ ಗೂಡಿಗಾ? ನಿನ್ನ ಹಂಗಿನಲ್ಲಿ ಬಿದ್ದಿರೋಕಾ? ಮೇಲಿನ ಕೋಣೆ ಖಾಲಿ ಇದೆ, ಬಾ ಅಂತ ಕರೆದಿದ್ದು ನನ್ನ ತಮ್ಮ!"

ಕರೆದದ್ದು ಅವನೇ, ನಿಜ. ಅಕ್ಕ ಇದ್ದ ಬಾಡಿಗೆ ಮನೆಯನ್ನು ಮಾಲೀಕ ಮಾರಿಬಿಟ್ಟಿದ್ದ. ತಾಯಿ ಸತ್ತ ವರ್ಷ ಆರನೇ ತರಗತಿಗೇ ಶಾಲೆ ಬಿಟ್ಟು ತಮ್ಮನನ್ನು ಸಾಕಿದವರು ಆಕೆ. ಫೋನಿನಲ್ಲಿ ಅಕ್ಕ ಅತ್ತಾಗ ಅವನು ಹಿಂದುಮುಂದು ನೋಡದೆ ಮಾತು ಕೊಟ್ಟಿದ್ದ.

ಆದರೆ ಕಟ್ಟಡ ಅವನದಾಗಿರಲಿಲ್ಲವಲ್ಲ! ಹನ್ನೆರಡು ವರ್ಷದ ಹಿಂದೆ ಗಂಡ ಹೆಂಡತಿ ಸೇರಿ ತಮ್ಮದೇ ಒಂದು ನಿವೃತ್ತಿ ನಿಧಿ ಮಾಡಿಕೊಂಡಿದ್ದರು. ಸಂಬಳಕ್ಕಿದ್ದವರಿಗೆ ಪಿಂಚಣಿ ಕೊಡಲು ಧಣಿ ಇರುತ್ತಾನೆ. ತಾವೇ ಧಣಿಗಳಾದವರಿಗೆ ಯಾರು ಕೊಡಬೇಕು? ನಿಧಿಗೆ ಅವರಿಬ್ಬರೇ ಸದಸ್ಯರು, ಅದನ್ನು ನೋಡಿಕೊಳ್ಳುವ ಟ್ರಸ್ಟಿಗಳೂ ಅವರಿಬ್ಬರೇ. ಈ ಕಟ್ಟಡವನ್ನು ಕೊಂಡದ್ದು ಆ ನಿಧಿ. ಕಾರ್ಖಾನೆ ಅದಕ್ಕೆ ಪೇಟೆಯ ದರದಲ್ಲೇ, ತಿಂಗಳು ತಪ್ಪದೆ ಬಾಡಿಗೆ ಕೊಡುತ್ತಿತ್ತು. ನಿಧಿಯ ಮೇಲೆ ಸರ್ಕಾರದ ತೆರಿಗೆ ಬಲು ಹಗುರ. ಅದಕ್ಕೆ ಪ್ರತಿಯಾಗಿ ಶರತ್ತು ಬಿಗಿ: ಅದು ಮುಪ್ಪಿಗೆಂದು ಇಟ್ಟದ್ದು, ಅಲ್ಲಿಯತನಕ ಅದರ ಜಾಗದಲ್ಲಿ ಬಾಡಿಗೆ ಕೊಟ್ಟು ಕಸುಬು ನಡೆಸಬಹುದು, ಆದರೆ ಅವರಾಗಲಿ, ಅವರ ನೆಂಟರಾಗಲಿ ವಾಸ ಮಾಡುವಂತಿಲ್ಲ.

ಕಾಗದ ಕಂಡರೆ ಗಂಡ ಮಾರು ದೂರ. ಹತ್ತನೇ ತರಗತಿ ಓದಿದ್ದ ಅವಳೇ ಮಧ್ಯಾಹ್ನದ ಊಟವಾದ ಮೇಲೆ ಯಂತ್ರದ ಪಕ್ಕ ಕುಳಿತು, ಪೆನ್ಸಿಲ್ ಹಿಡಿದು ನಿಯಮಗಳನ್ನು ಸಾಲು ಸಾಲಾಗಿ ಓದಿದ್ದಳು. ಅರ್ಥವಾಗದ್ದಕ್ಕೆಲ್ಲ ಆಡಿಟರಿಗೆ ಫೋನು. "ಇಷ್ಟು ಪ್ರಶ್ನೆ ನನ್ನ ಪರೀಕ್ಷೇಲೂ ಬಂದಿರಲಿಲ್ಲಮ್ಮ!" ಎಂದು ಅವರು ನಗುತ್ತಿದ್ದರು.

ಅಷ್ಟರಲ್ಲಿ ಸೋಫಾ ಇಳಿಸಿ ಬಂದ ಗಂಡ ಬಾಗಿಲಲ್ಲೇ ನಿಂತುಬಿಟ್ಟ.

"ನಾಲ್ಕು ದಿನ ಇರಲಿ ಬಿಡೇ. ಯಾರು ಬಂದು ನೋಡ್ತಾರೆ?"

"ನಾನು ನೋಡ್ತೀನಲ್ರೀ! 'ನಿಯಮ ಮೀರಿಲ್ಲ' ಅಂತ ವರ್ಷಾ ವರ್ಷಾ ಬರೆದುಕೊಡೋರು ನಾವೇ ಅಲ್ವಾ?"

"ಬಿಟ್ಟಿ ಇರಲ್ಲ. ಬಾಡಿಗೆ ಕೊಡ್ತೀನಿ, ತಗೋ!" ಅತ್ತಿಗೆ ಪರ್ಸಿಗೆ ಕೈ ಹಾಕಿದರು.

"ಬಾಡಿಗೆ ಕೊಟ್ಟರೂ ಆಗಲ್ಲ ಅತ್ತಿಗೆ. ನೀವು ಅವರ ಅಕ್ಕ. ಅದೇ ಅಡ್ಡಿ."

ಅತ್ತಿಗೆಯ ಕೈ ಅಲ್ಲೇ ನಿಂತಿತು. ಮನಸ್ಸಿನಲ್ಲಿ ಎಷ್ಟು ವರ್ಷದಿಂದ ಕೊಳೆಯುತ್ತಿತ್ತೋ ಆ ಮಾತು...

"ಮಕ್ಕಳಿಲ್ಲದವಳು! ಯಾರಿಗೋಸ್ಕರ ಕೂಡಿಡ್ತಿದ್ದೀಯೇ ಇದನ್ನೆಲ್ಲ?"

ಅವಳ ಕಣ್ಣು ತುಂಬಿ ಬಂತು, ದನಿ ಮಾತ್ರ ಒಡೆಯಲಿಲ್ಲ.

"ಮಕ್ಕಳಿಲ್ಲ ಅಂತಾನೇ ಅತ್ತಿಗೆ... ನಾಳೆ ಈ ಕೈ ನಡುಗಿ ಸೂಜಿಗೆ ದಾರ ಪೋಣಿಸೋಕಾಗದೆ ಹೋದಾಗ, ನಾನೂ ನಿಮ್ಮ ತಮ್ಮನೂ ಯಾರ ಮುಂದೂ ಕೈ ಚಾಚಬಾರದು. ಅದಕ್ಕೇ!"

ಗಂಡ ತಲೆ ತಗ್ಗಿಸಿದ. ಆಮೇಲೆ ಬಂದು ಎರಡೂ ಸೂಟ್‌ಕೇಸು ಎತ್ತಿಕೊಂಡು ಬೀದಿಯ ಕಡೆ ತಿರುಗಿದ.

"ಅಕ್ಕಾ, ಇದು ನನ್ನ ಕಟ್ಟಡ ಅಲ್ಲ. ಇನ್ನೂ ನಮ್ಮದೂ ಆಗಿಲ್ಲ. ಮುಂದೆ ಬರೋ ಒಬ್ಬ ಮುದುಕ, ಒಬ್ಬಳು ಮುದುಕಿ, ಅವರದು. ಅವರ ಪರವಾಗಿ ಕಾವಲು ನಿಂತಿರೋಳು ಇವಳು. ನಾನು ಕೊಟ್ಟ ಮಾತೇ ತಪ್ಪು. ನಡಿ, ಮನೆಗೆ ಹೋಗೋಣ."

ಅಂದೇ ಅವಳು ತನ್ನ ಮಲಗುವ ಕೋಣೆಯನ್ನು ಅತ್ತಿಗೆಗೆ ಬಿಟ್ಟುಕೊಟ್ಟಳು. ಕಿಟಕಿಯಿಂದ ಗಾಳಿ ಚೆನ್ನಾಗಿ ಬರುವ ಕೋಣೆ ಅದೊಂದೇ. ಗಂಡ ಹೆಂಡತಿಯ ಹಾಸಿಗೆ ನಡುಮನೆಗೆ ಬಂತು. ಅವಳು ದೂರಲಿಲ್ಲ, ದೊಡ್ಡಸ್ತಿಕೆಯನ್ನೂ ತೋರಲಿಲ್ಲ. ಅತ್ತಿಗೆ ಮೂರು ವಾರ ಮುಖ ಕೊಟ್ಟು ಮಾತಾಡಲಿಲ್ಲ. ನಾಲ್ಕನೇ ವಾರ ಒಂದು ಬೆಳಿಗ್ಗೆ ಅವಳು ಏಳುವಷ್ಟರಲ್ಲಿ ಅತ್ತಿಗೆಯೇ ಅಡುಗೆ ಮುಗಿಸಿದ್ದರು. ಮಧ್ಯಾಹ್ನ ಬುತ್ತಿ ಹಿಡಿದು ಕಾರ್ಖಾನೆಗೂ ಬಂದರು.

ನಿಧಿಯ ವರ್ಷದ ತಪಾಸಣೆಗೆ ಅಂದೇ ಆಡಿಟರೂ ಬಂದಿದ್ದರು. ಮೇಲಿನ ಕೋಣೆಯ ಬಾಗಿಲು ತೆಗೆಸಿ ನೋಡಿದರು. ರೆಕ್ಸಿನ್ ಸುರುಳಿ, ಫೋಮಿನ ಹಾಳೆ, ಮೂಲೆಯಲ್ಲಿ ಕಾಲು ಮುರಿದ ಕುರ್ಚಿ. ಕೆಳಗಿಳಿದು ಕನ್ನಡಕ ಒರೆಸಿಕೊಂಡರು.

"ಎಲ್ಲ ಸರಿಯಾಗಿದೆ. ಹೋದ ತಿಂಗಳು ಇನ್ನೊಬ್ಬರ ನಿಧಿಯ ಜಾಗದಲ್ಲಿ ಅವರ ಮಗನ ಸಂಸಾರವೇ ಇತ್ತು. ಎಚ್ಚರಿಸಿದರೂ ಬಿಡಿಸಲಿಲ್ಲ. ನಿಧಿಯ ಮಾನ್ಯತೆಯೇ ಹೋಯ್ತು. ಇಪ್ಪತ್ತು ವರ್ಷದ ಉಳಿತಾಯ, ಹೆಚ್ಚುಕಡಿಮೆ ಅರ್ಧ ತೆರಿಗೆಗೇ ಹೊರಟುಹೋಯ್ತು."

ಬುತ್ತಿ ಬಿಚ್ಚುತ್ತಿದ್ದ ಅತ್ತಿಗೆ ಅವಳತ್ತ ತಿರುಗಿದರು. ಮೆಲ್ಲಗೆ ಕೇಳಿದರು.

"ಇದನ್ನೆಲ್ಲ ನಿನಗೆ ಯಾರು ಹೇಳಿಕೊಟ್ರೇ?"

"ಯಾರೂ ಇಲ್ಲ ಅತ್ತಿಗೆ. ಕೂತು ಓದಿದೆ."

"ಓದಿದೆ..." ಅತ್ತಿಗೆ ಆ ಪದವನ್ನು ಬಾಯಲ್ಲೇ ಇಟ್ಟುಕೊಂಡರು. "ನನ್ನನ್ನೂ ಬಿಟ್ಟಿದ್ರೆ ಓದ್ತಿದ್ದೆ ಕಣೇ... ಅವತ್ತು ನಾನಾಡಿದ ಮಾತು ಮನುಷ್ಯರು ಆಡೋದಲ್ಲ. ಮನಸ್ಸಿನಲ್ಲಿ ಇಟ್ಕೋಬೇಡ."

ಅವಳು ಅತ್ತಿಗೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಆಡಿಟರು 'ನಿಯಮ ಮೀರಿಲ್ಲ' ಎಂಬ ಆ ವರ್ಷದ ಕಾಗದ ಜೋಡಿಸಿ, ಪೆನ್ನನ್ನು ಎಂದಿನಂತೆ ಗಂಡನತ್ತ ಚಾಚಿದರು.

"ಅವನಿಗ್ಯಾಕೆ ಮೊದಲು?" ಅತ್ತಿಗೆಯ ದನಿ ಕಾರ್ಖಾನೆಗೆಲ್ಲ ಕೇಳಿಸಿತು. "ಅವನು ಕಣ್ಣು ಮುಚ್ಚಿ ಸಹಿ ಹಾಕೋನು. ನಮ್ಮನೆ ಸೊಸೆಗೆ ಕೊಡಿ. ಅವಳು ಓದಲಿ, ನಾವೆಲ್ಲ ಕಾಯ್ತೀವಿ!"

ಗಂಡ ನಗುತ್ತ ಕುರ್ಚಿ ಎಳೆದುಕೊಟ್ಟ. ಮೊದಲ ಸಾಲು ಅವಳಿಗೆ ಮಂಜುಮಂಜಾಗಿ ಕಂಡಿತು. ಕಣ್ಣೊರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕುಳಿತಳು. ಅತ್ತಿಗೆಗೂ ಕೇಳುವಂತೆ ಗಟ್ಟಿಯಾಗಿ, ಮೊದಲಿನಿಂದ ಓದತೊಡಗಿದಳು.