ಡ್ರ್ಯಾಗನ್ ವಾಪಸ್ ಬರಲ್ಲ

"ನನ್ನ ಡ್ರ್ಯಾಗನ್ ಬಲಿ ಕೊಟ್ಟೆ!"

ಹುಜೈಫಾ ತನ್ನ ಅತಿ ಬಲಶಾಲಿ ಕಾರ್ಡನ್ನು ತಾನೇ ಎತ್ತಿ, ಸತ್ತ ಕಾರ್ಡುಗಳ ರಾಶಿಗೆ ಹಾಕಿದ.

ಎದುರು ಕೂತಿದ್ದ ಆಮ್ನಾ ತನ್ನ ಕಾರ್ಡುಗಳ ಮೇಲೆ ಕಣ್ಣು ಹಾಯಿಸಿದಳು. ಡ್ರ್ಯಾಗನ್ ಬಲಿಯಾದರೆ ಅವಳ ಸೈನ್ಯವೆಲ್ಲ ಬೂದಿ! ಆದರೆ ಅವಳ ಕೈಯಲ್ಲಿ ಗುರಾಣಿ ಕಾರ್ಡ್ ಇರುವುದನ್ನು ಅವನು ಹಿಂದಿನ ಸರದಿಯಲ್ಲೇ ನೋಡಿದ್ದನಲ್ಲ... ಮತ್ತೆ ಯಾಕೆ?

ವಿನೋಬನಗರದ ಅಂಗಡಿಯೊಂದರ ಮಹಡಿಯಲ್ಲಿ ನಡೆಯುತ್ತಿದ್ದ ಈ ಕಾರ್ಡ್ ಪಂದ್ಯಕ್ಕೆ ಅವಳು ಹರಿಹರದಿಂದ ಬಂದದ್ದು ಕಪ್ ಗೆಲ್ಲಲು ಅಲ್ಲ. ಇವನ ಸಂಬಂಧ ಮನೆಗೆ ಬಂದಿತ್ತು. ಸಂಜೆಯೊಳಗೆ ಅಮ್ಮಿಗೆ ಉತ್ತರ ಹೇಳಬೇಕು. ಫೋಟೋ ನೋಡಿದರೆ ಏನು ತಿಳಿಯುತ್ತದೆ, ಮಣ್ಣು? ಗುರುತು ಸಿಗಬಾರದೆಂದು ತಂಗಿ ಫಿರ್ದೌಸ್‌ಳ ಹೆಸರು ಬರೆಸಿ ಆಟಕ್ಕೆ ಕೂತಿದ್ದಳು.

"ತಡೆದೆ!" ಗುರಾಣಿ ಇಟ್ಟಳು.

ಹುಜೈಫಾ ಏನೋ ಹೇಳಲು ಬಾಯಿ ತೆರೆದ. ತೀರ್ಪುಗಾರ ಕೊಟ್ಟೂರೇಶ್ ಬೇಡವೆಂದು ತಲೆಯಾಡಿಸಿದ. ಮುಂದಿನ ಸರದಿಗೇ ಆಮ್ನಾ ಗೆದ್ದಳು.

"ಗೆದ್ರಿ ಬಿಡ್ರಿ, ಆಮ್ನಾ ಅವರೆ."

ಅವಳು ಬೆಚ್ಚಿದಳು. "ನಾನ್ಯಾರು ಅಂತ ಗೊತ್ತಿತ್ತಾ?"

"ಫೋಟೋ ನೋಡಿದ್ನಲ್ರಿ."

"ಓಹೋ! ಹುಡುಗಿ ಖುಷಿ ಆಗ್ಲಿ ಅಂತ ಡ್ರ್ಯಾಗನ್ ಎಸೆದು ಸೋತ್ರಾ? ನಂಗೆ ಭಿಕ್ಷೆ ಬ್ಯಾಡ!"

"ಅಯ್ಯೋ, ಕೇಳ್ರಿ ಇಲ್ಲಿ..."

ಅವಳು ದಡದಡ ಮೆಟ್ಟಿಲಿಳಿದಳು. ಕಣ್ಣು ತುಂಬಿತ್ತು. 'ಎಲ್ಲದಕ್ಕೂ ಸುಳ್ಳುಸುಳ್ಳೇ ಸೋಲುವವನ ಜೊತೆ ಜೀವನವಿಡೀ ಹೇಗಿರಲಿ? ಅವನ ನಿಜ ಯಾವುದೆಂದು ಹೇಗೆ ತಿಳಿಯಲಿ?' ಅಮ್ಮಿಗೆ ಫೋನ್ ಹಚ್ಚಿದಳು.

ಅಷ್ಟರಲ್ಲಿ ಮೇಲಿನಿಂದ ಕೂಗಾಟ!

"ಕೊಟ್ಟೂರೇಶಣ್ಣ, ಇದ್ಯಾವ ನ್ಯಾಯ? ಆಕಿ ತಡೆದ್ಮ್ಯಾಲೆ ಬಲಿನೂ ಕ್ಯಾನ್ಸಲ್! ನನ್ನ ಡ್ರ್ಯಾಗನ್ ವಾಪಸ್ ಕೊಡಬೇಕಿತ್ತು!"

"ಎಲ್ಲಿಂದ ಕೊಡ್ಲೋ? ಬಲಿ ಅಂದ್ರೆ ಮೊದ್ಲೇ ಕೊಡೋ ಬೆಲೆ. ಕೆಲಸ ಆಗ್ಲಿ ಬಿಡ್ಲಿ, ಹೋದದ್ದು ಹೋತು. ರೂಲ್ಸ್ ಓದ್ದೆ ಬಂದು ನನ್ನ ಮ್ಯಾಲೆ ಹಾರಾಡ್ತಾನೆ!"

"ಆಕಿ ಗುರಾಣಿ ಖಾಲಿ ಮಾಡ್ಸಿ, ಮತ್ತೆ ಡ್ರ್ಯಾಗನ್ನೇ ಬಲಿ ಕೊಟ್ಟು ಪೂರ್ತಿ ಸುಟ್ಟು ಹಾಕ್ತಿದ್ದೆ! ನೋಡೋಕೆ ಬಂದ ಹುಡುಗಿ ಅಂತ ಬಿಡ್ತಿದ್ನಾ?"

ಆಮ್ನಾ ನಿಂತಲ್ಲೇ ನಿಂತಳು. "ಅಮ್ಮಿ, ಒಂದ್ನಿಮಿಷ ಇರು." ಮತ್ತೆ ಮೇಲೆ ಹತ್ತಿದಳು.

"ನನ್ನ ಸುಟ್ಟು ಹಾಕ್ತಿದ್ರಾ?"

ಹುಜೈಫಾನ ಮುಖ ಬಿಳುಚಿತು. ಆದರೂ ಸುಳ್ಳು ಹೇಳಲಿಲ್ಲ. "ಹೌದ್ರಿ. ಒಂದು ಕಾರ್ಡೂ ಬಿಡ್ತಿರ್ಲಿಲ್ಲ."

ಅವನ ಮುಖದಿಂದ ಕಣ್ಣು ಕೀಳದೆ ಅವಳು ಫೋನಿನಲ್ಲಿ ಹೇಳಿದಳು. "ಅಮ್ಮಿ... ಅವರಿಗೆ ಹೂಂ ಅನ್ನು."

"ನಿಜಾನಾ?" ಅವನು ಒಂದು ಹೆಜ್ಜೆ ಮುಂದೆ ಬಂದ.

"ಯಾಕ, ಬ್ಯಾಡ್ವಾ?"

"ಫೋಟೋ ನೋಡಿದಾಗಿಂದ ನೀವೇ ಬೇಕು ಅಂತಿದ್ದೆ... ಆದ್ರೂ ಸೋತು ಕೊಡೋಕೆ ಮನಸ್ಸು ಬರ್ಲಿಲ್ಲ ನೋಡ್ರಿ."

"ಬಂದಿದ್ರೆ ನಾನೀಗ ಹರಿಹರದ ಬಸ್ಸಿನಾಗಿರ್ತಿದ್ದೆ." ಆಮ್ನಾ ಕುರ್ಚಿ ಎಳೆದುಕೊಂಡಳು. "ಕೂಡ್ರಿ. ಕಾರ್ಡ್ ಕಲಸ್ರಿ."