ಜಿಲೇಬಿ ಮೀನಿನ ಮುಳ್ಳು

ಹೇಳಿಬಿಡಲೇ? ಹೇಳಿದರೆ ಅಪ್ಪನ ಮುಖ ಏನಾದೀತು? ಹೇಳದೆ ಉಳಿದರೆ ಹೊಟ್ಟೆಯೊಳಗಿನ ಈ ಇರಿತ ಎಲ್ಲಿಗೆ ಹೋಗಿ ನಿಂತೀತು?

ಡಾಕ್ಟರ್ ಪ್ರಸನ್ನ ಕುಮಾರ್ ಅವರ ಬೆರಳುಗಳು ಕುಮಾರಸ್ವಾಮಿಯ ಹೊಟ್ಟೆಯನ್ನು ಬಲಗಡೆ ಕೆಳಗೆ ಮೆಲ್ಲಗೆ ಒತ್ತಿ ತಟ್ಟನೆ ಬಿಟ್ಟವು. ಅವನು ಹಲ್ಲು ಕಚ್ಚಿದ.

“ಎರಡು ಮೂರು ದಿನದಿಂದ ಏನೇನು ತಿಂದ್ರಿ? ಹೊರಗಡೆ ಏನಾದ್ರೂ?”

ಮಂಚದ ಕಾಲ ಬಳಿ ಅಪ್ಪ ಪರ್ವತಯ್ಯ ನಿಂತಿದ್ದರು. ಸಿದ್ದರಬೆಟ್ಟದ ತಪ್ಪಲಿನ ಹಳ್ಳಿಯಲ್ಲಿ ವೀರಭದ್ರನ ಗುಡಿಯ ಅರ್ಚಕರು. ಮಗನ ಫೋನು ಬಂದ ಕೂಡಲೇ ಪೂಜೆಯನ್ನು ಅಣ್ಣನ ಮಗನಿಗೆ ಒಪ್ಪಿಸಿ ಸಿರಾದ ಈ ನರ್ಸಿಂಗ್ ಹೋಮಿಗೆ ಓಡಿ ಬಂದಿದ್ದರು. ಹಣೆಯ ವಿಭೂತಿ ಬೆವರಿಗೆ ಕದಡಿಹೋಗಿತ್ತು. ಅವರ ಪಕ್ಕದಲ್ಲೇ ನರ್ಸ್ ಹರ್ಷಿತಾ. ಅವಳು ಅವನ ಕಡೆ ನೋಡದೆ, ಡ್ರಿಪ್ಪಿನ ನಳಿಕೆಯೊಳಗಿನ ಗಾಳಿಗುಳ್ಳೆಯನ್ನು ಬೆರಳಿನಿಂದ ತಟ್ಟುತ್ತಿದ್ದಳು.

“ಮುದ್ದೆ, ಸಾರು. ಅಷ್ಟೇ ಡಾಕ್ಟ್ರೇ,” ಎಂದ ಕುಮಾರಸ್ವಾಮಿ.

ಸುಳ್ಳೇನಲ್ಲ. ಯಾವ ಸಾರು ಎಂದು ಅವರು ಕೇಳಲಿಲ್ಲ. ತಟ್ಟುತ್ತಿದ್ದ ಬೆರಳು ಮಾತ್ರ ಒಂದು ಕ್ಷಣ ನಿಂತು ಮತ್ತೆ ತಟ್ಟತೊಡಗಿತು.

“ಅಪೆಂಡಿಕ್ಸ್ ಥರ ಕಾಣ್ತಿದೆ. ಕಾಯೋದು ಬೇಡ, ತೆಗೆದುಬಿಡೋಣ.”

ಆಪರೇಷನ್ ಥಿಯೇಟರ್ ಅವನಿಗೆ ಹೊಸದಲ್ಲ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಆಸ್ಪತ್ರೆಗಳಲ್ಲಿ ಥಿಯೇಟರಿನ ದೀಪ ಕೆಟ್ಟರೆ, ಸ್ಟೆರಿಲೈಜರ್ ಮುನಿಸಿಕೊಂಡರೆ ಬೈಕಿನಲ್ಲಿ ಬರುವವನು ಅವನೇ. ಯಂತ್ರಗಳ ಜೊತೆಗೇ ಇದ್ದು ಇದ್ದು, ಸದ್ದು ಮಾಡದೆ ಇರುವುದೇ ಆರೋಗ್ಯ ಎಂದು ನಂಬಿಕೊಂಡವನು. ಮನೆಯಲ್ಲೂ ಅವನ ಮಾತು ಕಡಿಮೆ.

ಈ ನರ್ಸಿಂಗ್ ಹೋಮಿಗೆ ಮೊದಲ ಸಲ ಬಂದಾಗ ಅವನು ಚಪ್ಪಲಿ ಮೆಟ್ಟಿಕೊಂಡೇ ಥಿಯೇಟರಿನೊಳಗೆ ಕಾಲಿಟ್ಟಿದ್ದ.

“ರೀ, ಇದೇನು ಸಂತೆ ಅಂದ್ಕೊಂಡ್ರಾ? ಹೊರಗೆ ಬಿಟ್ಟು ಬನ್ನಿ!”

ಗದರಿದ್ದು ಒಂದು ಜೊತೆ ಕಣ್ಣು. ಮಿಕ್ಕಿದ್ದೆಲ್ಲ ಹಸಿರು ಟೋಪಿ, ಹಸಿರು ಮಾಸ್ಕು. ಆಮೇಲೆ ಎಷ್ಟೋ ತಿಂಗಳು ಅವನು ಬಲ್ಲದ್ದು ಆ ಕಣ್ಣುಗಳನ್ನಷ್ಟೇ. ನಗುವಾಗ ಎಡಗಣ್ಣು ಬಲಗಣ್ಣಿಗಿಂತ ಒಂದಿಷ್ಟು ಮುಂಚೆ ಕಿರಿದಾಗುತ್ತಿತ್ತು. ಒಮ್ಮೆ ಕ್ಯಾಂಟೀನಿನಲ್ಲಿ ಮಾಸ್ಕಿಲ್ಲದೆ ಕೂತಿದ್ದ ಹರ್ಷಿತಾಳ ಎದುರಿಗೇ ಟೀ ಹಿಡಿದು ಹಾದು ಹೋಗಿದ್ದ.

“ಏನ್ ಲೈಟ್ ಸರ್, ಮುಖ ಇದ್ರೆ ಗುರುತು ಸಿಗಲ್ವಾ?”

ತಿರುಗಿ ನೋಡಿದರೆ ಎಡಗಣ್ಣು ಆಗಲೇ ಕಿರಿದಾಗಿತ್ತು. ಟೀ ಅವನ ಕೈಮೇಲೆ ಚೆಲ್ಲಿತು.

ಹೋದ ಭಾನುವಾರ ಕಳ್ಳಂಬೆಳ್ಳದ ಅವಳ ಮನೆಗೆ ಹೋಗಿದ್ದು ಅಜ್ಜಿಯ ನೆಬ್ಯುಲೈಜರ್ ನೋಡಲೆಂದು. ಉಬ್ಬಸದ ಹನುಮಕ್ಕಜ್ಜಿ ಅದಿಲ್ಲದೆ ಮಲಗುವ ಹಾಗಿರಲಿಲ್ಲ. ಫಿಲ್ಟರಿನೊಳಗೆ ಧೂಳು ಕಟ್ಟಿತ್ತು, ಅಷ್ಟೇ. ಕೆಲಸ ಬೇಗ ಮುಗಿದುಹೋಯಿತಲ್ಲ ಎಂದು ಅವನಿಗೇ ಬೇಸರವಾಯಿತು.

ಕೆರೆ ಕೋಡಿ ಬಿದ್ದ ವರ್ಷ. ಬೀದಿಗೆಲ್ಲ ಮೀನು ಸಾರಿನ ಘಮಲು. ಹರ್ಷಿತಾಳ ತಾಯಿ ಅಶ್ವತ್ಥಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು.

“ಅಯ್ಯೋ, ಊಟದ ಹೊತ್ತಿಗೆ ಬಂದ್ರಿ, ನಾನು ನೋಡಿದ್ರೆ ಮೀನ್ ಸಾರು ಮಾಡ್ಬುಟ್ಟಿವ್ನಿ. ನೀವು ತಿಂತೀರೇನಪ್ಪಾ?”

“ಅಯ್ನೋರ ಮನೆ ಹುಡ್ಗನ್ನ ಅದೇನಂತ ಕೇಳ್ತೀಯಮ್ಮಿ?” ಎಂದರು ಮೂಲೆಯಲ್ಲಿದ್ದ ಹನುಮಕ್ಕಜ್ಜಿ. “ಅವ್ರು ನಮ್ಮನೇಲಿ ನೀರೂ ಮುಟ್ಟಾಕಿಲ್ಲ. ಸುಮ್ಕೆ ಕಳ್ಸು.”

ಆ ಮಾತಿನಲ್ಲಿ ಕೋಪವಿರಲಿಲ್ಲ. ಬೇಸಿಗೆಯಲ್ಲಿ ಬಿಸಿಲು ಜಾಸ್ತಿ ಎನ್ನುವ ಹಾಗೆ ಹೇಳಿದ್ದರು. ಕೋಪವಿದ್ದಿದ್ದರೆ ಅವನು ಸುಮ್ಮನಿರುತ್ತಿದ್ದನೇನೋ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹರ್ಷಿತಾ ನೆಲ ನೋಡುತ್ತಿದ್ದಳು.

“ತಿಂತೀನಜ್ಜಿ,” ಎಂದ. “ಹಾಸ್ಟೆಲಲ್ಲಿ ಎಲ್ಲಾ ಅಭ್ಯಾಸ ಆಗಿದೆ.”

ಅವಳು ತಲೆ ಎತ್ತಿದಳು. “ಯಾವ ಮೀನು ಅಂತ ಕೇಳಿ ಮೊದ್ಲು.”

“ಯಾವ ಮೀನು?”

“ಜಿಲೇಬಿ.”

“ತಮಾಷೆ ಮಾಡ್ಬೇಡಿ.”

“ದೇವ್ರಾಣೆ! ಅದರ ಹೆಸ್ರೇ ಜಿಲೇಬಿ ಮೀನು.” ಎಡಗಣ್ಣು, ಆಮೇಲೆ ಬಲಗಣ್ಣು.

ಅವನು ಉಂಡ. ಹುಟ್ಟಿದಾಗಿನಿಂದ ಉಂಡು ಗೊತ್ತಿದ್ದ ಹಾಗೆಯೇ ಉಂಡ. ಮುದ್ದೆ ಮುರಿದು, ಉಂಡೆ ಕಟ್ಟಿ, ಸಾರಿನಲ್ಲಿ ಅದ್ದಿ ನುಂಗುವುದು. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಅಂಗಿಯೊಳಗೆ ಎದೆಯ ಮೇಲಿದ್ದ ಇಷ್ಟಲಿಂಗದ ತೂಕ ಅಂದು ಅವನಿಗೆ ಹೊಸದಾಗಿ ತಿಳಿಯಿತು. ಅರ್ಧ ಊಟದಲ್ಲಿ ತಲೆ ಎತ್ತಿ, “ಸಿಸ್ಟರ್, ನೀರು,” ಎಂದ.

ಲೋಟ ಹಿಡಿದು ಬಂದವಳು ಕೊಡದೆ ನಿಂತಳು. “ಮನೇಲೂ ಸಿಸ್ಟರ್ರಾ?” ದನಿ ತಗ್ಗಿಸಿ ಕೇಳಿದಳು.

“ಮತ್ತೆ?”

“ನಂಗೆ ಹೆಸ್ರಿಲ್ವಾ?”

“ಹರ್ಷಿತಾ,” ಎಂದ. “ನೀರು.”

ಕೊಟ್ಟಳು. ಅವನು ನೀರು ಕುಡಿದು ಮುಗಿಸುವವರೆಗೂ ಅಲ್ಲೇ ನಿಂತಿದ್ದಳು.

ನೋವು ಬಂದದ್ದು ಬುಧವಾರ, ಪಾವಗಡದಲ್ಲಿ.

“ಆಸ್ಪತ್ರೆ ಒಳಗೇ ಇದ್ರಂತಲ್ಲ ನೋವು ಶುರುವಾದಾಗ,” ಎಂದಳು ಹರ್ಷಿತಾ, ಥಿಯೇಟರಿನ ಮೇಜಿನ ಮೇಲೆ ಅವನನ್ನು ಕೂರಿಸುತ್ತಾ. “ಅಲ್ಲೇ ಮಲಗೋದು ಬಿಟ್ಟು ಸಿರಾವರ್ಗೂ ಬಸ್ಸಲ್ಲಿ ಬರೋದಾ?”

“ಅಲ್ಲಿ ಲೈಟ್ ಸರಿಯಿಲ್ಲ.”

“ಅದನ್ನ ರಿಪೇರಿ ಮಾಡೋರು ನೀವೇ ಅಲ್ವಾ?”

ಅವನಿಗೆ ನಗು ಬಂತು, ನಕ್ಕರೆ ನೋವು ಬಂತು. ಅವಳ ಕಣ್ಣು ಅವನ ಕೊರಳಿನ ಶಿವದಾರದ ಮೇಲೆ ನಿಂತಿತು. ಅದರ ತುದಿಯಲ್ಲಿ ಲಿಂಗವಿದ್ದ ಬೆಳ್ಳಿಯ ಕರಡಿಗೆ.

“ಒಳಗೆ ಲೋಹ ಇರಬಾರ್ದು. ಅಪ್ಪಾಜಿ ಕೈಗೆ ಕೊಡ್ಲಾ?”

“ಲಿಂಗ ಮೈಯಿಂದ ಬೇರೆ ಆಗ್ಬಾರ್ದು,” ಎಂದ. ಮೀನು ತಿಂದವನ ಬಾಯಲ್ಲಿ ಆ ಮಾತು ಬಂದದ್ದಕ್ಕೆ ನಾಚಿಕೆಯಾಯಿತು. ಅವಳಿಗೆ ಹಾಗನ್ನಿಸಿದಂತೆ ಕಾಣಲಿಲ್ಲ. ಹೋಗಿ ಕೈ ತೊಳೆದು ಬಂದಳು. ಶುಭ್ರವಾದ ಗಾಜ್ ಬಟ್ಟೆಯನ್ನು ಅಂಗೈ ಮೇಲೆ ಹರಡಿ ಹಿಡಿದಳು.

“ಬೆಳ್ಳಿ ಮಾತ್ರ ಹೊರಗೆ ಹೋಗ್ಲಿ. ಲಿಂಗ ನೀವೇ ಇದರೊಳಗಿಡಿ. ನಾನು ಮುಟ್ಟಲ್ಲ.”

ಅವನಿಟ್ಟ. ಅವಳು ಬಟ್ಟೆಯನ್ನು ಮಡಿಚಿ, ಅವನ ಎಡ ಮಣಿಕಟ್ಟಿಗೆ ಕಟ್ಟಿದಳು. ಗಂಟು ಹಾಕುವಾಗ ಉಸಿರು ಬಿಗಿ ಹಿಡಿದಿದ್ದಳು. ಖಾಲಿ ಕರಡಿಗೆ ಪರ್ವತಯ್ಯನವರ ಕೈಸೇರಿತು.

ಬೆನ್ನಿಗೆ ಅರಿವಳಿಕೆ ಇಂಜೆಕ್ಷನ್ ಕೊಡುವಾಗ ಬಗ್ಗಿ ಕೂರಬೇಕು, ಅಲ್ಲಾಡಬಾರದು. ಅವಳು ಎದುರು ನಿಂತು ಅವನ ಎರಡೂ ಭುಜ ಹಿಡಿದಳು. ಅವನ ಹಣೆ ಅವಳ ಹೆಗಲಿಗೆ ತಾಗಿತು. ಸ್ಪಿರಿಟ್ಟಿನ, ಒಗೆದು ಒಣಗಿಸಿದ ಬಟ್ಟೆಯ ವಾಸನೆ. “ಉಸಿರು ಬಿಡಿ ಲೈಟ್ ಸರ್,” ಎಂದಳು ಕಿವಿಯ ಬಳಿ. ಸೂಜಿ ಚುಚ್ಚಿದ್ದು ಅವನಿಗೆ ತಿಳಿಯಲೇ ಇಲ್ಲ.

ಕಾಲುಗಳು ಯಾರದೋ ಆದವು. ಎದೆಯ ಮೇಲೆ ಹಸಿರು ಪರದೆ ಎದ್ದಿತು. ಮೇಲೆ ಅವನೇ ಸರಿಮಾಡಿದ ದೀಪ, ಪರದೆಯ ಆಚೆ ಅವಳ ಕಣ್ಣು. ಡಾಕ್ಟರ ಕೈಗೆ ಒಂದೊಂದೇ ಉಪಕರಣ ಕೊಡುತ್ತಾ ಆ ಕಣ್ಣುಗಳು ಕೆಳಗೇ ನೆಟ್ಟಿದ್ದವು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಇಂಥ ಮೌನ ಅವನಿಗೆ ಇಷ್ಟ. ಅವಳೂ ಅದರೊಳಗೇ ಇದ್ದಳು.

“ಅಪೆಂಡಿಕ್ಸ್ ಚೆನ್ನಾಗೇ ಇದೆಯಲ್ಲ,” ಎಂದರು ಡಾಕ್ಟರು. “ಮತ್ತೆ ಈ ಕೀವು ಎಲ್ಲಿಂದ ಬಂತು?”

ದೀಪವನ್ನು ಇನ್ನಷ್ಟು ಕೆಳಗೆ ಎಳೆಸಿದರು.

“ತಡೀರಿ ತಡೀರಿ. ಇಲ್ನೋಡಿ, ಕರುಳಿಂದ ಸೂಜಿ ಥರ ಏನೋ ಹೊರಗೆ ಬಂದಿದೆ. ಚಿಮಟ ಕೊಡಮ್ಮ.” ಟ್ರೇಯಲ್ಲಿ ಟಕ್ ಎಂದು ಸಣ್ಣ ಸದ್ದು. “ಮೀನಿನ ಮುಳ್ಳು! ಹೊರಗೆ ವಿಭೂತಿ ಹಚ್ಕೊಂಡು ತಂದೆ ನಿಂತಿದಾರೆ, ಮಗನ ಹೊಟ್ಟೇಲಿ ಮೀನಿನ ಮುಳ್ಳು. ಇಂಥ ಕೇಸು ನಾನು ನೋಡೇ ಇರ್ಲಿಲ್ಲ. ಕುಮಾರಸ್ವಾಮಿಯವ್ರೇ, ಎಚ್ಚರ ಇದೀರಾ?”

ಅವನು ಕಣ್ಣು ಮುಚ್ಚಿಕೊಂಡ. ಸ್ವಲ್ಪ ಹೊತ್ತಿಗೆ ತಡೆಯಲಾರದೆ ತೆರೆದ. ಪರದೆಯ ಮೇಲಿಂದ ಅವಳು ಅವನನ್ನೇ ನೋಡುತ್ತಿದ್ದಳು. ಮೊದಲು ಹುಬ್ಬು ಮೇಲೇರಿತು. ಆಮೇಲೆ ಭಾನುವಾರ ಮೆಲ್ಲಗೆ ಆ ಕಣ್ಣೊಳಗೆ ಬಂತು: ಅಜ್ಜಿಯ ಮಾತು, ಹಾಸ್ಟೆಲಿನ ಮಾತು, ಖಾಲಿಯಾದ ತಟ್ಟೆ. ಕಣ್ಣು ಒದ್ದೆಯಾಯಿತು. ಕೈಗೆ ಗ್ಲೌಸು, ಒರೆಸಿಕೊಳ್ಳುವಂತಿರಲಿಲ್ಲ.

“ಎರಡು ಹೊಲಿಗೆ ಹಾಕಿದ್ರೆ ಮುಗೀತು. ಇನ್ನೂ ತಡ ಮಾಡಿದ್ರೆ ಕಷ್ಟ ಇತ್ತು,” ಎಂದರು ಡಾಕ್ಟರು. ಎಲ್ಲ ಮುಗಿದ ಮೇಲೆ, “ಹರ್ಷಿತಾ, ಇದನ್ನ ತಂದೆಯವರಿಗೆ ತೋರಿಸಿಬಿಡಮ್ಮ,” ಎಂದರು.

ಹೊಟ್ಟೆಯಿಂದ ಏನೇ ತೆಗೆದರೂ ಮನೆಯವರಿಗೆ ತೋರಿಸುವುದು ಅಲ್ಲಿಯ ರೂಢಿ. ಬೇಡ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ತಿರುಗಿದ್ದಳು. ಎದ್ದು ತಡೆಯೋಣವೆಂದರೆ ಕಾಲಿಲ್ಲ. ಟ್ರೇ ಹಿಡಿದ ಅವಳ ಬೆನ್ನು ಬಾಗಿಲಾಚೆ ಮರೆಯಾಯಿತು.

ವಾರ್ಡಿನಲ್ಲಿ ಅಪ್ಪ ಸ್ಟೂಲಿನ ಮೇಲೆ ಕೂತಿದ್ದರು. ಸಂಜೆ ಬಿಸಿಲು ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ಸೂರಿಗೆ ಏರುವವರೆಗೂ ಡ್ರಿಪ್ಪಿನ ಹನಿಗಳನ್ನೇ ನೋಡುತ್ತಿದ್ದರು. ಕುಮಾರಸ್ವಾಮಿಯ ಕಾಲ್ಬೆರಳಿಗೆ ಜೀವ ಬಂದು ಜುಮುಗುಟ್ಟತೊಡಗಿದಾಗ ಬಾಯಿಬಿಟ್ಟರು.

“ಆ ಹುಡ್ಗಿ ತಂದು ತೋರಿಸ್ತು. ಏನವ್ವಾ ಇದು ಅಂದೆ. ‘ಮೀನಿನ ಮುಳ್ಳು ಸ್ವಾಮಿ, ಭಾನುವಾರ ನಮ್ಮನೇಲಿ ಉಂಡಿದ್ರು. ತಪ್ಪು ನಮ್ದು. ಕೇಳದಂಗೆ ಬಡಿಸ್ಬಿಟ್ವಿ’ ಅಂತು.”

ಇಲ್ಲಿಗೆ ಬಿಟ್ಟುಬಿಡಬಹುದಿತ್ತು. ಸುಮ್ಮನಿದ್ದರೆ ಸಾಕಿತ್ತು, ಸುಮ್ಮನಿರುವುದು ಅವನಿಗೆ ಕಷ್ಟದ ಕೆಲಸವೂ ಅಲ್ಲ.

“ಅವ್ರು ಕೇಳಿದ್ರು, ಅಪ್ಪಾ,” ಎಂದ. “ತಿಂತೀನಿ ಅಂದಿದ್ದು ನಾನೇ.”

ಪರ್ವತಯ್ಯ ಮಗನ ಮುಖ ನೋಡಿದರು. “ಅಂಗಾದ್ರೆ ಅವ್ಳು ಸುಳ್ಳು ಹೇಳಿದ್ಲು.”

“ಹೂಂ.”

“ನಿನ್ನುನ್ನ ಉಳ್ಸಕ್ಕೆ.”

ಅಪ್ಪನ ಕೈ ಅವನ ಮಣಿಕಟ್ಟಿನ ಗಾಜ್ ಬಟ್ಟೆಯ ಮೇಲೆ ಬಂದು ಕೂತಿತು. “ಇದ್ನ ಕಟ್ಟಿದ್ದೂ ಅವ್ಳೇನಾ?”

“ಹೂಂ. ಲಿಂಗ ಮುಟ್ಟದಂಗೆ ಕಟ್ಟಿದ್ಲು.”

ಅಪ್ಪ ಆ ಗಂಟನ್ನು ಬಹಳ ಹೊತ್ತು ನೋಡಿದರು. ತಾವೇ ಬಿಚ್ಚಿದರು. ಜೇಬಿನಿಂದ ಕರಡಿಗೆ ತೆಗೆದು ಮಗನ ಕೈಯಲ್ಲೇ ಲಿಂಗವನ್ನು ಒಳಗಿಡಿಸಿ, ಶಿವದಾರವನ್ನು ಕೊರಳಿಗೆ ಹಾಕಿದರು. “ನಿಮ್ಮಮ್ಮಂಗೆ ನಾನೇ ಹೇಳ್ತೀನಿ. ನೀನು ಬಾಯ್ ಬುಡ್ಬೇಡ,” ಎಂದು ಎದ್ದು ಹೊರಗೆ ಹೋದರು. ಕೋಪವೋ, ಇನ್ನೇನೋ, ತಿಳಿಯಲಿಲ್ಲ.

ಮರುದಿನ ಬೆಳಗ್ಗೆ ಬಿ.ಪಿ. ನೋಡಲು ಹರ್ಷಿತಾ ಬಂದಳು. ತೋಳಿಗೆ ಪಟ್ಟಿ ಸುತ್ತುತ್ತಾ, “ಯಾವ ಹಾಸ್ಟೆಲು?” ಎಂದಳು.

“ಹಾಂ?”

“ಎಲ್ಲಾ ಅಭ್ಯಾಸ ಆಗಿದೆ ಅಂದ್ರಲ್ಲ. ಯಾವ ಹಾಸ್ಟೆಲಲ್ಲಿ?”

“ಮಠದ ಹಾಸ್ಟೆಲು.”

ಅವಳು ಮಂಚದ ಕಂಬಿ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿಸಿ ಕಣ್ಣೊರೆಸಿಕೊಂಡಳು. “ನಗಿಸ್ಬೇಡಿ. ಜೀವ ಹೋಗಿದ್ರೆ? ಯಾಕೆ ತಿಂದ್ರಿ?”

“ಅಜ್ಜಿ, ನೀರೂ ಮುಟ್ಟಲ್ಲ ಅಂದ್ರು.”

“ಅದಕ್ಕೆ?”

“ಮುಟ್ಟಿದೆ.”

ಅವಳು ಪಟ್ಟಿಗೆ ಗಾಳಿ ತುಂಬಿದಳು, ಬಿಟ್ಟಳು, ಲೆಕ್ಕ ತಪ್ಪಿ ಮತ್ತೆ ತುಂಬಿದಳು. “ಇನ್ನೊಂದ್ಸಲ ಬಂದ್ರೆ ನಿಮ್ಗೆ ಸೊಪ್ಪಿನ ಸಾರೇ.”

“ನೆಬ್ಯುಲೈಜರ್ ಸರಿಯಾಯ್ತಲ್ಲ. ಇನ್ನೊಂದ್ಸಲ ಏನಂತ ಬರ್ಲಿ?”

“ಹೆಣ್ಣು ಕೇಳಕ್ಕೆ,” ಎಂದವಳು, ಪಟ್ಟಿಯನ್ನು ಅವನ ತೋಳಲ್ಲೇ ಬಿಟ್ಟು ಹೊರಟುಹೋದಳು.

ಡಿಸ್‌ಚಾರ್ಜ್ ಆದ ದಿನ ಕಾರು ಹೈವೇಯಲ್ಲಿ ಕಳ್ಳಂಬೆಳ್ಳದ ಹತ್ತಿರ ಬಂದಾಗ ಪರ್ವತಯ್ಯ, “ಇಲ್ಲಿ ಊರೊಳಕ್ಕೆ ತಿರುಗ್ಸಪ್ಪ,” ಎಂದರು ಡ್ರೈವರಿಗೆ. ಮಗನ ಕಡೆ ನೋಡಲಿಲ್ಲ.

ವಿಭೂತಿಯ ಹಣೆ ಹೊಸ್ತಿಲ ಮುಂದೆ ಕಂಡದ್ದೇ ಹನುಮಕ್ಕಜ್ಜಿ ಗೋಡೆ ಹಿಡಿದು ಎದ್ದರು. ಬೈಗುಳಕ್ಕೆ ತಯಾರಾದವರ ಮುಖ. “ಸ್ವಾಮ್ಯೋರೇ, ನಮ್ಗೆ ಗೊತ್ತಾಗ್ನಿಲ್ಲ...”

“ಬಿಸ್ಲು ಜಾಸ್ತಿ ಕಣಮ್ಮ,” ಎಂದರು ಪರ್ವತಯ್ಯ, ಜಗಲಿಯ ಮೇಲೆ ಕೂರುತ್ತಾ. “ಒಂದು ಲೋಟ ನೀರು ಕೊಡಿ.”

ಅಜ್ಜಿ ಅಶ್ವತ್ಥಮ್ಮನನ್ನು ನೋಡಿದರು, ಅಶ್ವತ್ಥಮ್ಮ ಅಜ್ಜಿಯನ್ನು. ಕೊನೆಗೆ ಅಜ್ಜಿಯೇ ತಂದರು. ಪರ್ವತಯ್ಯ ಒಂದೇ ಸಲಕ್ಕೆ ಪೂರ್ತಿ ಕುಡಿದು, ಮೀಸೆ ಒರೆಸಿಕೊಂಡು, ಲೋಟ ಕೆಳಗಿಟ್ಟರು.

“ಮೀನು ಮಾತ್ರ ಬಡಿಸ್ಬೇಡಿ ನಂಗೆ. ಮಿಕ್ಕಿದ್ದು ಕೂತು ಮಾತಾಡಣ.”

ಅವನ ತಾಯಿ ಒಪ್ಪಲು ಇನ್ನೊಂದು ಬೇಸಿಗೆ ಬೇಕಾಯಿತು. ಒಪ್ಪಿದ ಮೇಲೆ ಮದುವೆ ಸಿದ್ದರಬೆಟ್ಟದಲ್ಲೇ ಆಯಿತು.

ಈಗ ಮನೆಗೆ ನೆಂಟರು ಬಂದರೆ ಹರ್ಷಿತಾ ತಪ್ಪದೆ ಈ ಕಥೆ ಹೇಳುತ್ತಾಳೆ. “ಪಾಪ, ಮೀನಲ್ಲಿ ಮುಳ್ಳಿರುತ್ತೆ ಅಂತಾನೇ ಇವ್ರಿಗೆ ಗೊತ್ತಿರ್ಲಿಲ್ಲ. ಮುದ್ದೆ ಜೊತೆ ಹಂಗೇ ನುಂಗ್ಬಿಟ್ಟಿದ್ರು!” ಎಲ್ಲರೂ ನಗುತ್ತಾರೆ. ಕುಮಾರಸ್ವಾಮಿಯೂ ನಗುತ್ತಾನೆ, ಅವಳ ಎಡಗಣ್ಣು ನೋಡುತ್ತಾ.

ಆ ಭಾನುವಾರ ಅವನು ನೀರು ಕೇಳಿದ್ದು ಮುಳ್ಳು ಗಂಟಲಿಗೆ ಚುಚ್ಚಿದ್ದಕ್ಕೆ. ಮುಳ್ಳೆಂದು ಅವನಿಗೆ ಗೊತ್ತಾಗಿತ್ತು; ಉಗುಳಬಹುದಿತ್ತು. ಅವಳು ನೋಡುತ್ತಾ ನಿಂತಿದ್ದಳೆಂದು ನುಂಗಿದ. ಅದನ್ನು ಅವನು ಅವಳಿಗೆ ಎಂದೂ ಹೇಳಲಿಲ್ಲ.