ಪುಡಿಯಿಂದ ಎದ್ದ ದವಡೆ

ಅವಳು ತಯಾರಿಸಿದ್ದ ಟೈಟೇನಿಯಂ ದವಡೆ ಮೇಜಿನ ಮೇಲೆ ಎರಡು ಹೋಳಾಗಿ ಬಿದ್ದಿತ್ತು.

ಹೋಳುಗಳನ್ನು ಅಂಗೈಯಲ್ಲಿ ಹಿಡಿದು ಅವಳು ನೇರ ಮೈಕ್ರೋಸ್ಕೋಪ್ ಕೋಣೆಗೆ ನಡೆದಳು. ಲ್ಯಾಬಿಗೆ ಹೊಸದಾಗಿ ಸೇರಿದ್ದವನು ಅಲ್ಲಿ ಕಣ್ಣುಜ್ಜಿಕೊಳ್ಳುತ್ತ ಕೂತಿದ್ದ.

"ಇದನ್ನ ಕೊಯ್ದಿದ್ದು ನೀವಾ?"

"ಹೌದು. ಒಳಗೆ ಹೇಗಿದೆ ನೋಡಿ ಅಂತ ಪ್ರೊಫೆಸರ್ ಹೇಳಿದ್ರು."

"ಎಕ್ಸ್‌ರೇಲಿ ನೋಡಿ ಅಂದಿದ್ರು. ಇದೇನು ಸೌತೆಕಾಯಿನಾ?"

ಲೋಹದ ಪುಡಿಯನ್ನು ಕೂದಲೆಳೆಯಷ್ಟು ತೆಳ್ಳಗೆ ಹರಡಿ, ಲೇಸರ್‌ನಿಂದ ಕರಗಿಸಿ, ಪದರದ ಮೇಲೆ ಪದರ ಕೂರಿಸಿ ಅವಳು ಮಾಡಿದ ದವಡೆ ಅದು. ಗಡ್ಡೆಯಿಂದಾಗಿ ಅರ್ಧ ದವಡೆ ಕಳೆದುಕೊಂಡ ಸಂಗೀತದ ಟೀಚರ್ ಒಬ್ಬರ ಅಳತೆಗೆ ತಯಾರಾಗಬೇಕಿತ್ತು. ಆದರೆ ಪರೀಕ್ಷೆಗಿಟ್ಟ ಪ್ರತಿಯೊಂದೂ ಬಿರುಕು ಬಿಡುತ್ತಿತ್ತು.

"ಬೈಯೋದನ್ನ ಆಮೇಲೆ ಬೈರಿ," ಎಂದ ಅವನು ಮೆಲ್ಲಗೆ. "ಮೊದಲು ಇಲ್ಲಿ ಬಗ್ಗಿ ನೋಡಿ."

ಅವಳು ಬಗ್ಗಿದಳು. ತನ್ನ ಕೈಯಿಂದಲೇ ಹುಟ್ಟಿದ ಲೋಹದ ಒಡಲನ್ನು ಅಷ್ಟು ಹತ್ತಿರದಿಂದ ಅವಳು ಕಂಡೇ ಇರಲಿಲ್ಲ. ಸೂಜಿಯಂಥ ಎಳೆಗಳು ಒಂದರೊಳಗೊಂದು ಹೆಣೆದುಕೊಂಡು ಹೊಳೆಯುತ್ತಿದ್ದವು.

"ಇಷ್ಟು ಚೆಂದದ ಲೋಹ ನಾನು ನೋಡೇ ಇಲ್ಲ," ಎಂದ. "ಅಂಚಲ್ಲಿ ಮಾತ್ರ ಸಣ್ಣ ತೂತುಗಳಿವೆ. ಎಕ್ಸ್‌ರೇಗೂ ಸಿಗದಷ್ಟು ಸಣ್ಣವು. ದೃಷ್ಟಿಬೊಟ್ಟು ಇಟ್ಟ ಹಾಗೆ."

ಅವಳ ಕೋಪ ಬಾಯಿ ತನಕ ಬಂದು ಅಲ್ಲೇ ಕರಗಿತು.

ಅಂಚಿಗೆ ಬಂದು ತಿರುಗುವಾಗ ಲೇಸರ್ ನಿಧಾನವಾಗುತ್ತಿತ್ತು. ಆ ಕ್ಷಣದಲ್ಲಿ ಲೋಹ ಕುದಿದು ತೂತು ಬೀಳುತ್ತಿತ್ತು, ಬಿರುಕು ಅಲ್ಲಿಂದಲೇ ಶುರುವಾಗುತ್ತಿತ್ತು. ತಿರುವಿನಲ್ಲಿ ಶಕ್ತಿ ತಗ್ಗಿಸುವಂತೆ ಅವಳು ಪ್ರೋಗ್ರಾಂ ತಿದ್ದತೊಡಗಿದಳು. ಹೊಸ ತುಂಡು ಬಂದಾಗಲೆಲ್ಲ ಅವನು ಕೊಯ್ದು, ಕನ್ನಡಿಯಂತೆ ಪಾಲಿಶ್ ಮಾಡಿ ನೋಡುತ್ತಿದ್ದ. ಪಾಲಿಶ್ ಮಾಡುವ ಅವನ ಬೆರಳುಗಳನ್ನು ಅವಳು ಕದ್ದು ನೋಡುತ್ತಿದ್ದಳು. ಅವನು ತಲೆಯೆತ್ತಿದರೆ ಗಡಿಯಾರ ನೋಡಿದಂತೆ ನಟಿಸುತ್ತಿದ್ದಳು.

"ಆ ಗಡಿಯಾರ ನಿಂತು ಒಂದು ವಾರ ಆಯ್ತು," ಎಂದ ಒಮ್ಮೆ. ಅವಳ ಕಿವಿ ಕೆಂಪಾಯಿತು.

ಮನೆಯಲ್ಲಿ ಅಕ್ಕ ಅವನಿಗೆ ಹೆಸರೇ ಇಟ್ಟಿದ್ದಳು. "ಏನಂತೆ ನಿನ್ನ ಭೂತಗನ್ನಡಿ? ಊಟಕ್ಕೆ ಕೂತ್ರೂ ಅವನದೇ ಜಪ."

"ಅಕ್ಕಾ, ಸುಮ್ನಿರೇ."

ಕಡೆಗೊಂದು ತುಂಡಿನಲ್ಲಿ ತೂತೇ ಕಾಣಲಿಲ್ಲ. ಅದೇ ಬಗೆಯ ದವಡೆಯನ್ನು ಅಗಿಯುವ ಯಂತ್ರಕ್ಕೆ ಕಚ್ಚಿಸಿದರು. ದಿನಗಟ್ಟಲೆ ಅಗಿದರೂ ಅದು ಜಪ್ಪಯ್ಯ ಎನ್ನಲಿಲ್ಲ. ಲ್ಯಾಬ್ ಇಡೀ ಚಪ್ಪಾಳೆ ತಟ್ಟಿತು. ಆ ಗದ್ದಲದಲ್ಲೇ ಅವನು ಹೇಳಿದ: "ದೂರದ ಇನ್ನೊಂದು ಲ್ಯಾಬಿನವರು ಕರೆದಿದ್ದಾರೆ. ಒಂದು ವರ್ಷಕ್ಕೆ."

"ಒಳ್ಳೇದಾಯ್ತಲ್ಲ," ಎಂದಳು. ಯಂತ್ರದಿಂದ ದವಡೆ ಬಿಡಿಸತೊಡಗಿದಳು.

ಟೀಚರ್‌ಗೆ ಆಪರೇಷನ್ ಆಯಿತು. ಅವನು ಹೊರಡುವ ವಾರ ಸರ್ಜನ್ ಅವಳ ಫೋನ್‌ಗೆ ಒಂದು ರೆಕಾರ್ಡಿಂಗ್ ಕಳಿಸಿದರು. ಇಬ್ಬರೂ ತಲೆಗೆ ತಲೆ ತಾಗಿಸಿ ಕೇಳಿದರು. ಮೊದಲು ಉಸಿರು, ಆಮೇಲೆ ನಡುಗುತ್ತ ಏರಿದ ಟೀಚರ್ ಸ್ವರ. ಅವಳು ಅತ್ತಳು. ಅವನು ಕನ್ನಡಕ ತೆಗೆದು ಒರೆಸಿಕೊಂಡ.

"ನಿಮ್ಮ ಕೈಯಲ್ಲಿ ಏನೋ ಮಾಯೆ ಇದೆ," ಎಂದ. "ಅದನ್ನ ನೋಡ್ತಾ ನೋಡ್ತಾ ನಾನು ಕೆಲಸ ಮರೆತಿದ್ದೂ ಉಂಟು."

ಅವಳು ಕಣ್ಣೊರೆಸಿಕೊಂಡಳು. "ಹೋಗಬೇಡಿ ಅನ್ನಲ್ಲ. ಅಲ್ಲಿ ಕಲಿಯೋದು ಇದೆ, ಹೋಗಿ. ಆದರೆ ಭಾನುವಾರ ನಮ್ಮನೆಗೆ ಬನ್ನಿ. ಅಕ್ಕ ನಿಮ್ಮನ್ನ ನೋಡಬೇಕಂತೆ."

ಅವನು ಅವಳ ಮುಖವನ್ನೇ ನೋಡಿದ. "ಬರೀ ಊಟಕ್ಕಾ? ಇಲ್ಲಾ ಅಕ್ಕನ್ನ ಏನಾದ್ರೂ ಕೇಳೋಕಾ?"

ಅವಳು ಈ ಸಲ ಕಣ್ಣು ತಪ್ಪಿಸಲಿಲ್ಲ.

"ಮೊದಲು ಕೇಳಿ," ಎಂದಳು. "ಆಮೇಲೆ ಊಟ."